ಅಣುವಿನ ಚಿತ್ರಲಿಪಿ

(ಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ರಸಾಯನಶಾಸ್ತ್ರಕ್ಕೆ ಸಂಬಂಧಿಸಿದ ಯಾವುದಾದರೊಂದು ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಶಾಸ್ತ್ರವು ವಿಸ್ತಾರವಾದುದು, ಕಾಲವು ಅಲ್ಪವಾದುದು. ಆದುದರಿಂದ ಆ ಶಾಸ್ತ್ರದ ಫಲಗಳನ್ನೆಲ್ಲ ವರ್ಣಿಸುವ ಗೋಜಿಗೆ ಹೋಗದೆ, ಅದು ಬಳಸುವ ಲಿಪಿಯೊಂದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇನೆ.

ನಿಮ್ಮ ಮಕ್ಕಳ ರಸಾಯನಶಾಸ್ತ್ರದ ಪುಸ್ತಕವನ್ನು ಬಿಚ್ಚಿ ನೋಡಿದರೆ ಅಕ್ಷರಗಳ ನಡುವೆ ಎಳೆದ ಸಣ್ಣ ಗೆರೆಗಳೂ, ಅಕ್ಷರಗಳ ಸುತ್ತ ಇಟ್ಟ ಚುಕ್ಕೆಗಳೂ, ಅಲ್ಲಲ್ಲಿ ಆರು ಮೂಲೆಯ ಆಕೃತಿಗಳೂ ಕಣ್ಣಿಗೆ ಬೀಳುತ್ತವೆ. ಇವು ಅಣುಗಳ ಚಿತ್ರಗಳೆಂದು ಮಕ್ಕಳು ಕಂಠಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದು ಅಂಕಗಳನ್ನೂ ಪಡೆಯುತ್ತಾರೆ. ಆದರೆ ಆ ಗೆರೆಯೆಂದರೇನು, ಆ ಚುಕ್ಕೆಯೆಂದರೇನು ಎಂದು ಕೇಳಿದರೆ ಬಹುಮಂದಿ ನಿರುತ್ತರರಾಗುತ್ತಾರೆ. ಅಣುವಿನೊಳಗೆ ನಿಜವಾಗಿಯೂ ಕಡ್ಡಿಗಳಿವೆಯೆಂದು ಕೆಲವರು ನಂಬಿರುತ್ತಾರೆ. ಯಾರೂ ಕಣ್ಣಾರೆ ಕಾಣದ ವಸ್ತುವಿಗೆ ಚಿತ್ರ ಬರೆಯುವುದು ಪಂಡಿತರ ಕಲ್ಪನಾವಿಲಾಸವಷ್ಟೇ ಎಂದು ಮತ್ತೆ ಕೆಲವರು ನಗುತ್ತಾರೆ. ಈ ಎರಡು ಅಭಿಪ್ರಾಯಗಳೂ ಸರಿಯಲ್ಲವೆಂದು ತೋರಿಸುವುದೇ ನನ್ನ ಇಂದಿನ ಉದ್ದೇಶ. ಸಂಕೇತವು ವಸ್ತುವಲ್ಲ, ಆದರೆ ಅದು ಬರಿಯ ಕಲ್ಪನೆಯೂ ಅಲ್ಲ. ಅದು ವಸ್ತುವಿನ ವಿಷಯವಾಗಿ ಆಡಿದ ಒಂದು ಮಾತು. ಆಡಿದ ಮಾತು ನಿಜವೋ ಸುಳ್ಳೋ ಎಂದು ವಸ್ತುವನ್ನೇ ಕೇಳಿ ತಿಳಿಯಬಹುದು. ಹಾಗೆ ಕೇಳುತ್ತ, ತಿದ್ದಿಕೊಳ್ಳುತ್ತ ಬಂದ ಕಥೆಯೇ ಈ ಲಿಪಿಯ ಇತಿಹಾಸವಾಗಿದೆ.

ಮೊದಲು ನಾವು ಚಿತ್ರಿಸಬೇಕಾದ ವಸ್ತುವಿನ ಅಳತೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ಆಂಗ್‌ಸ್ಟ್ರಂ ಎಂದು ಹೆಸರು. ಜಲಜನಕದ ಒಂದು ಅಣುವಿನಲ್ಲಿ ಎರಡು ಪರಮಾಣುಗಳಿದ್ದು ಅವುಗಳ ಕೇಂದ್ರಗಳಿಗಿರುವ ಅಂತರವು ೦.೭೪ ಆಂಗ್‌ಸ್ಟ್ರಂ ಮಾತ್ರ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯಾದರೋ ೪೦೦೦ದಿಂದ ೭೦೦೦ ಆಂಗ್‌ಸ್ಟ್ರಂ ಉದ್ದವಾದುದು. ಇಂತಹ ಬೆಳಕಿನಿಂದ ನೋಡುವ ಸಾಧಾರಣ ಸೂಕ್ಷ್ಮದರ್ಶಕವು ಎಷ್ಟೇ ಉತ್ತಮವಾಗಿದ್ದರೂ ಅಣುವಿನ ಒಳರಚನೆಯನ್ನು ತೋರಿಸಲಾರದು. ಆದುದರಿಂದ ರಸಾಯನಜ್ಞರು ಬಹುಕಾಲ ತೂಕ, ಕಾವು, ಬಣ್ಣ, ವಾಸನೆ ಮೊದಲಾದ ಹೊರಗಿನ ಗುಣಗಳಿಂದಲೇ ಒಳಗಿನ ರಚನೆಯನ್ನು ಊಹಿಸಬೇಕಾಯಿತು.

೧೮೦೮ರಲ್ಲಿ ಇಂಗ್ಲೆಂಡಿನ ಜಾನ್ ಡಾಲ್ಟನ್ ಎಂಬ ಪಂಡಿತನು ತನ್ನ ಪರಮಾಣುವಾದದ ಗ್ರಂಥವನ್ನು ಪ್ರಕಟಿಸಿದನು. ಒಂದೊಂದು ಮೂಲವಸ್ತುವಿನ ಪರಮಾಣುವಿಗೂ ಒಂದೊಂದು ವೃತ್ತ. ವೃತ್ತದೊಳಗೆ ಚುಕ್ಕೆ, ಗೆರೆ ಮೊದಲಾದ ಗುರುತುಗಳು. ಇದೇ ಆತನ ಲಿಪಿ. ನೀರಿಗೆ ಆತನು ಎರಡೇ ವೃತ್ತಗಳನ್ನು ಬರೆದನು: ಜಲಜನಕ ಒಂದು, ಆಮ್ಲಜನಕ ಒಂದು. ಪ್ರಕೃತಿಯು ಸರಳವಾದುದನ್ನೇ ಆರಿಸಿಕೊಳ್ಳುವುದೆಂಬ ನಂಬಿಕೆಯ ಹೊರತು ಇದಕ್ಕೆ ಬೇರೆ ಆಧಾರವಿರಲಿಲ್ಲ. ನೀರಿನ ಅಣುವಿನಲ್ಲಿ ಜಲಜನಕದ ಪರಮಾಣುಗಳು ಎರಡಿವೆಯೆಂಬುದು ಮುಂದೆ ಸ್ಥಿರವಾಯಿತು. ಕೆಲವು ವರ್ಷಗಳಲ್ಲಿಯೇ ಸ್ವೀಡನ್ನಿನ ಬರ್ಜೀಲಿಯಸ್ ಎಂಬವನು ವೃತ್ತಗಳಿಗೆ ಬದಲಾಗಿ ಮೂಲವಸ್ತುಗಳ ಹೆಸರಿನ ಮೊದಲಕ್ಷರಗಳನ್ನು ಬಳಕೆಗೆ ತಂದನು. ಇಂದಿಗೂ ಜಗತ್ತಿನ ರಸಾಯನಶಾಲೆಗಳಲ್ಲೆಲ್ಲ ನಡೆಯುತ್ತಿರುವುದು ಆ ಪದ್ಧತಿಯೇ.

ಅಕ್ಷರಗಳು ಎಣಿಕೆಯನ್ನು ಹೇಳುತ್ತವೆ, ಸಂಬಂಧವನ್ನು ಹೇಳುವುದಿಲ್ಲ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮದ್ಯಸಾರದ ಅಣುವಿನಲ್ಲಿ ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕದ ಪರಮಾಣುಗಳಿವೆ. ಅದು ದ್ರವವಸ್ತು, ೭೮ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಡೈಮೀಥೈಲ್ ಈಥರ್ ಎಂಬ ಮತ್ತೊಂದು ವಸ್ತುವಿದೆ. ಅದರಲ್ಲಿಯೂ ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ. ಆದರೆ ಅದು ಅನಿಲ. ಸೊನ್ನೆಗಿಂತ ೨೪ ಡಿಗ್ರಿ ಕೆಳಗೇ ಕುದಿದುಹೋಗುವಂತಹುದು. ಎಣಿಕೆ ಒಂದೇ ಆದರೂ ಗುಣಗಳು ಬೇರೆ. ಅದೇ ಕಲ್ಲುಗಳಿಂದ ಬಾವಿಯನ್ನೂ ಕಟ್ಟಬಹುದು, ಗೋಪುರವನ್ನೂ ಕಟ್ಟಬಹುದು. ಕಲ್ಲುಗಳ ಲೆಕ್ಕದಿಂದ ಕಟ್ಟಡವು ತಿಳಿಯುವುದಿಲ್ಲ. ಯಾವ ಪರಮಾಣುವು ಯಾವುದಕ್ಕೆ ಸೇರಿದೆ ಎಂಬುದನ್ನು ಹೇಳುವ ಗುರುತು ಬೇಕಾಯಿತು.

ಆ ಗುರುತೇ ಗೆರೆ. ೧೮೫೮ರಲ್ಲಿ ಇಬ್ಬರು ತರುಣರು ಒಬ್ಬರನ್ನೊಬ್ಬರು ಅರಿಯದೆ ಒಂದೇ ನಿರ್ಣಯಕ್ಕೆ ಬಂದರು. ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳಿವೆಯೆಂದು ಭಾವಿಸಬೇಕು; ಅದು ಇತರ ಇಂಗಾಲದ ಪರಮಾಣುಗಳ ಕೈಹಿಡಿದು ಸರಪಣಿಯಾಗಬಲ್ಲುದು; ಇದೇ ಆ ನಿರ್ಣಯ. ಅವರಲ್ಲಿ ಒಬ್ಬನು ಜರ್ಮನಿಯ ಆಗಸ್ಟ್ ಕೆಕ್ಯೂಲೆ. ಮತ್ತೊಬ್ಬನು ಪ್ಯಾರಿಸ್ಸಿನಲ್ಲಿ ವ್ಯೂರ್ಟ್ಸ್ ಎಂಬ ಆಚಾರ್ಯನ ಪ್ರಯೋಗಶಾಲೆಯಲ್ಲಿದ್ದ ಸ್ಕಾಟ್ಲೆಂಡಿನ ಆರ್ಚಿಬಾಲ್ಡ್ ಕೂಪರ್. ಪರಮಾಣುಗಳ ನಡುವೆ ಗೆರೆಯನ್ನೆಳೆದು ಸಂಬಂಧವನ್ನು ಮೊದಲು ಸ್ಪಷ್ಟವಾಗಿ ತೋರಿಸಿದವನು ಕೂಪರನೇ. ಆತನ ಪ್ರಬಂಧವು ಅಕಾಡೆಮಿಯ ಮುಂದೆ ಬರುವುದು ತಡವಾಯಿತು. ಅಷ್ಟರಲ್ಲಿ ಕೆಕ್ಯೂಲೆಯ ಲೇಖನವು ಅಚ್ಚಾಗಿ ಕೀರ್ತಿಯೆಲ್ಲ ಅವನಿಗೆ ಸಂದಿತು. ಕೂಪರನು ಗುರುವಿನೊಡನೆ ಕಲಹಮಾಡಿ ಪ್ರಯೋಗಶಾಲೆಯಿಂದ ಹೊರಬಿದ್ದನು. ಊರಿಗೆ ಹಿಂದಿರುಗಿದ ಮೇಲೆ ಅವನ ಮನಸ್ಸಿನ ಆರೋಗ್ಯವು ಕೆಟ್ಟಿತು. ೧೮೯೨ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತಕ್ಕೂ ಹೆಚ್ಚು ವರ್ಷ, ಆತನು ರಸಾಯನಶಾಸ್ತ್ರವನ್ನು ಮತ್ತೆ ಮುಟ್ಟಲಿಲ್ಲ. ಲೋಕವು ಮರೆತಿದ್ದ ಅವನ ಹೆಸರನ್ನು ಹುಡುಕಿ ತೆಗೆದು ಸಲ್ಲಬೇಕಾದ ಗೌರವವನ್ನು ಸಲ್ಲಿಸಿದವನು ಕೆಕ್ಯೂಲೆಯ ಶಿಷ್ಯನೇ ಆದ ಆನ್‌ಷುಟ್ಸ್ ಎಂಬ ಪಂಡಿತನು. ಪ್ರತಿಪಕ್ಷದವನ ಶಿಷ್ಯನೇ ನ್ಯಾಯವನ್ನು ಒದಗಿಸಿದನೆಂಬುದು ಗಮನಾರ್ಹವಾದ ಸಂಗತಿ. ಇಂದು ಶಾಲೆಯ ಹುಡುಗನು ಎಳೆಯುವ ಒಂದೊಂದು ಗೆರೆಯ ಹಿಂದೆಯೂ ಈ ದುಃಖದ ಕಥೆಯಿದೆ. ೧೮೬೦ರ ದಶಕದಲ್ಲಿ ಎಡಿನ್‌ಬರೋ ನಗರದ ಕ್ರಮ್ ಬ್ರೌನನು ಈ ಚಿತ್ರಗಳಿಗೆ ಕ್ರಮಬದ್ಧವಾದ ರೂಪವನ್ನು ಕೊಟ್ಟನು. ೧೮೬೬ರಲ್ಲಿ ಫ್ರಾಂಕ್‌ಲೆಂಡನು ಅವನ್ನು ಪಠ್ಯಪುಸ್ತಕಕ್ಕೆ ತಂದು ಆ ಗೆರೆಗೆ ‘ಬಂಧ’ವೆಂಬ ಅರ್ಥದ ಹೆಸರನ್ನಿಟ್ಟನು.

ಕಾಗದವು ಚಪ್ಪಟೆಯಾದುದು, ಅಣುವು ಚಪ್ಪಟೆಯಾಗಿರಬೇಕೆಂಬ ನಿಯಮವಿಲ್ಲ. ೧೮೭೪ರಲ್ಲಿ ಹಾಲೆಂಡಿನ ವಾಂಟ್ ಹಾಫ್ ಮತ್ತು ಫ್ರಾನ್ಸಿನ ಲ ಬೆಲ್ ಎಂಬ ತರುಣರು, ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯೊಂದರ ನಾಲ್ಕು ಮೂಲೆಗಳ ಕಡೆಗೆ ಚಾಚಿವೆಯೆಂದು ಬೇರೆ ಬೇರೆಯಾಗಿ ಪ್ರತಿಪಾದಿಸಿದರು. ಕೋಲ್ಬೆ ಎಂಬ ಹಿರಿಯ ಜರ್ಮನ್ ಆಚಾರ್ಯನು ೧೮೭೭ರಲ್ಲಿ ವಾಂಟ್ ಹಾಫನನ್ನು ಕಟುವಾಗಿ ಹಾಸ್ಯಮಾಡಿದನು. ಪಶುವೈದ್ಯ ಶಾಲೆಯ ಈ ಉಪಾಧ್ಯಾಯನಿಗೆ ಪ್ರಯೋಗದಲ್ಲಿ ರುಚಿಯಿಲ್ಲ, ರೆಕ್ಕೆಯ ಕುದುರೆಯನ್ನೇರಿ ಆಕಾಶದಲ್ಲಿ ಪರಮಾಣುಗಳ ಸ್ಥಾನವನ್ನು ನೋಡಿಬಂದಿದ್ದಾನೆ ಎಂಬುದು ಆ ನಿಂದೆಯ ತಾತ್ಪರ್ಯ. ಕಾಣದುದನ್ನು ಚಿತ್ರಿಸಬಾರದೆಂಬ ಕೋಲ್ಬೆಯ ಆಕ್ಷೇಪಣೆಯು ಸಾಧುವೆಂದು ತೋರಬಹುದು. ಆದರೆ ವಾಂಟ್ ಹಾಫನ ಚಿತ್ರವು ಪರೀಕ್ಷಿಸತಕ್ಕ ಫಲವನ್ನು ಹೇಳಿತ್ತು. ಒಂದು ಇಂಗಾಲಕ್ಕೆ ನಾಲ್ಕು ಬೇರೆ ಬೇರೆ ಗುಂಪುಗಳು ಸೇರಿದ್ದರೆ, ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಬಿಂಬವಾದ ಎರಡು ಅಣುಗಳಿರಬೇಕೆಂಬುದೇ ಆ ಫಲ. ಪ್ರಯೋಗವು ಅದನ್ನು ಸಮರ್ಥಿಸಿತು. ನಿಂದೆಗೆ ಗುರಿಯಾದ ಆ ವಾಂಟ್ ಹಾಫನೇ ೧೯೦೧ರಲ್ಲಿ ರಸಾಯನಶಾಸ್ತ್ರದ ಪ್ರಪ್ರಥಮ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದನು.

ನಮ್ಮ ಅಡಿಗೆಮನೆಯಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಪುದೀನದ ಎಲೆಗೆ ವಾಸನೆಯನ್ನು ಕೊಡುವ ಮುಖ್ಯ ವಸ್ತುವಿನ ಹೆಸರು ಕಾರ್ವೋನ್. ಸಬ್ಬಸಿಗೆಯ ಬೀಜದಲ್ಲಿರುವುದೂ ಕಾರ್ವೋನೇ. ಪರಮಾಣುಗಳ ಎಣಿಕೆಯೂ ಗೆರೆಗಳ ಜೋಡಣೆಯೂ ಎರಡರಲ್ಲಿ ಒಂದೇ. ಒಂದು ಎಡಗೈಯಂತೆ, ಮತ್ತೊಂದು ಬಲಗೈಯಂತೆ, ಅಷ್ಟೇ ಭೇದ. ಕಾಗದವು ತೋರಿಸದ ಆ ಭೇದವನ್ನು ನಮ್ಮ ಮೂಗು ಒಂದು ಕ್ಷಣದಲ್ಲಿ ಕಂಡುಹಿಡಿಯುತ್ತದೆ. ಈ ಕಾರಣದಿಂದಲೇ ಇಂದಿನ ರಸಾಯನಜ್ಞರು ನಮ್ಮ ಕಡೆಗೆ ಚಾಚಿದ ಬಂಧವನ್ನು ಬೆಣೆಯಂತೆ ದಪ್ಪವಾಗಿಯೂ, ಹಿಂದಕ್ಕೆ ಸರಿದ ಬಂಧವನ್ನು ತುಂಡುಗೆರೆಗಳಿಂದಲೂ ಬರೆಯುತ್ತಾರೆ.

ಇಷ್ಟಾದರೂ, ಗೆರೆಯು ಏನನ್ನು ಸೂಚಿಸುತ್ತದೆಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಪರಮಾಣುಗಳನ್ನು ಹಿಡಿದಿಟ್ಟಿರುವ ಶಕ್ತಿ ಯಾವುದು? ೧೮೯೭ರಲ್ಲಿ ಜೆ. ಜೆ. ಥಾಮ್ಸನ್ನನು ಎಲೆಕ್ಟ್ರಾನ್ ಎಂಬ ಋಣವಿದ್ಯುತ್ಕಣವನ್ನು ಶೋಧಿಸಿದ ಮೇಲೆ ಉತ್ತರದ ದಾರಿ ತೆರೆಯಿತು. ಅಮೇರಿಕದ ಗಿಲ್ಬರ್ಟ್ ಲೂಯಿಸ್ ಎಂಬ ಆಚಾರ್ಯನು ೧೯೦೨ರಲ್ಲಿಯೇ, ವಿದ್ಯಾರ್ಥಿಗಳಿಗೆ ಪಾಠ ಹೇಳುವ ಸಂದರ್ಭದಲ್ಲಿ, ಪರಮಾಣುವನ್ನು ಒಂದು ಘನಾಕೃತಿಯಂತೆ ಬರೆದು ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನುಗಳನ್ನು ಇಟ್ಟು ನೋಡಿದ್ದನು. ಹದಿನಾಲ್ಕು ವರ್ಷ ಆ ವಿಚಾರವನ್ನು ಮಾಗಿಸಿ ೧೯೧೬ರಲ್ಲಿ ಪ್ರಕಟಿಸಿದನು. ಎರಡು ಪರಮಾಣುಗಳು ಸೇರಿ ಹಂಚಿಕೊಂಡ ಒಂದು ಜೊತೆ ಎಲೆಕ್ಟ್ರಾನುಗಳೇ ಒಂದು ಗೆರೆಯೆಂಬುದು ಆತನ ಸಿದ್ಧಾಂತ. ಅದೇ ವರ್ಷ ಜರ್ಮನಿಯ ಕೋಸೆಲನು ಉಪ್ಪಿನಂತಹ ವಸ್ತುಗಳ ರಚನೆಯನ್ನು ವಿವರಿಸಿದನು. ಅಲ್ಲಿ ಹಂಚಿಕೊಳ್ಳುವುದಿಲ್ಲ, ಸೋಡಿಯಂ ಒಂದು ಎಲೆಕ್ಟ್ರಾನನ್ನು ಕೊಟ್ಟುಬಿಡುತ್ತದೆ, ಕ್ಲೋರಿನ್ ತೆಗೆದುಕೊಳ್ಳುತ್ತದೆ, ವಿರುದ್ಧ ವಿದ್ಯುತ್ತಿನ ಆಕರ್ಷಣೆಯಿಂದ ಎರಡೂ ಕೂಡಿಕೊಂಡಿರುತ್ತವೆ.

ಲೂಯಿಸನ ಲಿಪಿಯನ್ನು ಕಲಿಯುವುದು ಕಷ್ಟವಲ್ಲ. ಪರಮಾಣುವಿನ ಹೊರಗಿನ ಆವರಣದಲ್ಲಿರುವ ಎಲೆಕ್ಟ್ರಾನು ಒಂದಕ್ಕೆ ಒಂದು ಚುಕ್ಕೆ. ಆಮ್ಲಜನಕಕ್ಕೆ ಆರು ಚುಕ್ಕೆಗಳು, ಜಲಜನಕಕ್ಕೆ ಒಂದು. ನೀರಿನ ಅಣುವಿನಲ್ಲಿ ಒಟ್ಟು ಎಂಟು ಚುಕ್ಕೆಗಳು, ಅಂದರೆ ನಾಲ್ಕು ಜೊತೆಗಳು. ಆಮ್ಲಜನಕಕ್ಕೂ ಒಂದೊಂದು ಜಲಜನಕಕ್ಕೂ ನಡುವೆ ಒಂದೊಂದು ಜೊತೆ. ಉಳಿದ ಎರಡು ಜೊತೆಗಳು ಯಾರೊಡನೆಯೂ ಹಂಚಿಕೆಯಾಗದೆ ಆಮ್ಲಜನಕದ ಬಳಿಯಲ್ಲಿಯೇ ನಿಲ್ಲುತ್ತವೆ. ಹೀಗೆ ಆಮ್ಲಜನಕದ ಸುತ್ತ ಎಂಟು, ಜಲಜನಕದ ಸುತ್ತ ಎರಡು. ಇಬ್ಬರ ಲೆಕ್ಕವೂ ತುಂಬಿತು. ಸಾರಜನಕದ ಅಣುವಿನಲ್ಲಿ ಎರಡು ಪರಮಾಣುಗಳ ನಡುವೆ ಮೂರು ಜೊತೆಗಳನ್ನಿಟ್ಟರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಮೂರು ಗೆರೆಯ ಆ ಬಂಧವು ಅತ್ಯಂತ ಬಲವಾದುದು. ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ ಆಗಿದ್ದರೂ ಪೈರುಗಳು ಅದನ್ನು ನೇರವಾಗಿ ಬಳಸಿಕೊಳ್ಳಲಾರದೆ ಗೊಬ್ಬರಕ್ಕಾಗಿ ಕಾಯುವುದು ಈ ಮೂರು ಗೆರೆಗಳ ಬಿಗಿತದಿಂದಲೇ ಎಂದು ರೈತಬಂಧುಗಳು ತಿಳಿಯತಕ್ಕದ್ದು.

ಬಂಧದಲ್ಲಿ ಭಾಗವಹಿಸದ ಚುಕ್ಕೆಗಳನ್ನು ಬರೆಯುವುದು ವ್ಯರ್ಥವೆಂದು ವಿದ್ಯಾರ್ಥಿಗಳು ಬಿಟ್ಟುಬಿಡುವುದುಂಟು. ಅದು ಸಲ್ಲದು. ಎಲೆಕ್ಟ್ರಾನಿನ ಜೊತೆಗಳು ಒಂದನ್ನೊಂದು ದೂರ ತಳ್ಳುತ್ತವೆಯೆಂಬ ವಿಚಾರವನ್ನು ೧೯೪೦ರಲ್ಲಿ ಸಿಜ್‌ವಿಕ್ ಮತ್ತು ಪೊವೆಲ್ ಎಂಬವರು ಮುಂದಿಟ್ಟರು. ನೀರಿನಲ್ಲಿರುವ ನಾಲ್ಕು ಜೊತೆಗಳೂ ಹೀಗೆ ತಳ್ಳಾಡಿ ನಾಲ್ಕು ದಿಕ್ಕಿಗೆ ಸರಿದುನಿಲ್ಲುವುದರಿಂದ ಆ ಅಣುವು ನೆಟ್ಟಗಿರದೆ ೧೦೪.೫ ಡಿಗ್ರಿಯಷ್ಟು ಕೋನದಲ್ಲಿ ಬಾಗಿರುತ್ತದೆ. ಬಾಗಿರುವುದರಿಂದ ಅದರ ಒಂದು ಕಡೆಗೆ ಋಣವಿದ್ಯುತ್ತೂ ಮತ್ತೊಂದು ಕಡೆಗೆ ಧನವಿದ್ಯುತ್ತೂ ವಾಲಿಕೊಂಡಿವೆ. ಅದರಿಂದಲೇ ನೀರು ಉಪ್ಪನ್ನು ಕರಗಿಸುತ್ತದೆ. ನೀರಿನ ಅಣುವು ನೆಟ್ಟಗಿದ್ದಿದ್ದರೆ ಈ ಗುಣವು ಅದಕ್ಕೆ ಇರುತ್ತಿರಲಿಲ್ಲ. ನಾವು ಬರೆಯದೆ ಬಿಟ್ಟ ಎರಡು ಜೊತೆ ಚುಕ್ಕೆಗಳಲ್ಲಿ ಇಷ್ಟೊಂದು ಅರ್ಥ ಅಡಗಿದೆ.

ಒಂದು, ಎರಡು, ಮೂರು ಗೆರೆಗಳ ಭೇದವು ಕಾಗದದ ಮೇಲಿನ ಭೇದವಷ್ಟೇ ಅಲ್ಲವೆಂಬುದಕ್ಕೆ ನಮ್ಮ ದೇಶದ ಸಂಶೋಧನೆಯೊಂದು ಶ್ರೇಷ್ಠವಾದ ಪ್ರಮಾಣವನ್ನು ಒದಗಿಸಿತು. ಸರ್ ಸಿ. ವಿ. ರಾಮನ್ನರು ೧೯೨೮ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದು, ಅದೇ ವರ್ಷದ ಮಾರ್ಚಿ ೧೬ರಂದು ಬೆಂಗಳೂರಿನಲ್ಲಿ ಅದನ್ನು ಕುರಿತು ಉಪನ್ಯಾಸ ಮಾಡಿದರು. ಅಣುವಿನ ಮೇಲೆ ಬಿದ್ದ ಬೆಳಕಿನಲ್ಲಿ ಅತ್ಯಲ್ಪ ಭಾಗವು ಬಣ್ಣ ಬದಲಾಯಿಸಿ ಚದರುತ್ತದೆ. ಆ ಬದಲಾವಣೆಯನ್ನು ಅಳೆದರೆ ಅಣುವಿನ ಬಂಧಗಳು ಎಷ್ಟು ವೇಗವಾಗಿ ಕಂಪಿಸುತ್ತಿವೆಯೆಂದು ತಿಳಿಯುತ್ತದೆ. ಇಂಗಾಲ ಇಂಗಾಲಗಳ ನಡುವಣ ಒಂದು ಗೆರೆಯ ಬಂಧಕ್ಕೆ ಸೆಂಟಿಮೀಟರಿಗೆ ಸುಮಾರು ೧೦೦೦, ಎರಡು ಗೆರೆಯ ಬಂಧಕ್ಕೆ ಸುಮಾರು ೧೬೦೦, ಮೂರು ಗೆರೆಯ ಬಂಧಕ್ಕೆ ೨೧೦೦ಕ್ಕೆ ಮೇಲ್ಪಟ್ಟು ತರಂಗಗಳಷ್ಟು ವ್ಯತ್ಯಾಸ ಕಾಣುತ್ತದೆ. ಹೆಚ್ಚು ಬಿಗಿದ ತಂತಿಯು ಹೆಚ್ಚು ಶ್ರುತಿಯಲ್ಲಿ ನುಡಿಯುವಂತೆಯೇ ಇದು. ೧೮೬೦ರ ದಶಕದವರು ಗುಣಗಳನ್ನು ನೋಡಿ ಊಹೆಯಿಂದ ಎಳೆದ ಗೆರೆಗಳ ಸಂಖ್ಯೆಗೂ ರಾಮನ್ನರ ಬೆಳಕು ಹೇಳಿದ ಸಾಕ್ಷಿಗೂ ಹೊಂದಿಕೆಯಾಯಿತು.

ಇಲ್ಲಿಯವರೆಗೆ ಸಂಕೇತದ ಜಯವನ್ನು ಹೇಳಿದೆನು. ಇನ್ನು ಅದರ ಸೋಲುಗಳನ್ನೂ ಹೇಳತಕ್ಕದ್ದು. ಸೋಲುಗಳಿಂದಲೇ ಈ ಶಾಸ್ತ್ರವು ಹೆಚ್ಚು ಕಲಿತಿದೆ.

ಮೊದಲನೆಯದು ಬೆಂಜೀನ್. ಫ್ಯಾರಡೆಯು ೧೮೨೫ರಲ್ಲಿ ಕಂಡುಹಿಡಿದ ಈ ದ್ರವದ ಅಣುವಿನಲ್ಲಿ ಆರು ಇಂಗಾಲ, ಆರು ಜಲಜನಕ. ೧೮೬೫ರಲ್ಲಿ ಕೆಕ್ಯೂಲೆಯು ಆರು ಇಂಗಾಲಗಳನ್ನು ಉಂಗುರವಾಗಿ ಜೋಡಿಸಿದನು. ಬಳಿಕ ಒಂದು ಬಿಟ್ಟು ಒಂದರಂತೆ ಒಂಟಿಗೆರೆ, ಜೋಡಿಗೆರೆಗಳನ್ನೆಳೆದು ಷಟ್ಕೋನವನ್ನು ಬರೆದನು. ಈ ಚಿತ್ರದ ಇಪ್ಪತ್ತೈದನೆಯ ವರ್ಷದ ಉತ್ಸವವನ್ನು ಜರ್ಮನಿಯ ರಸಾಯನಸಂಘದವರು ೧೮೯೦ರಲ್ಲಿ ಬರ್ಲಿನ್ನಿನಲ್ಲಿ ವೈಭವದಿಂದ ನಡೆಯಿಸಿದರು. ಒಂದು ಚಿತ್ರಕ್ಕಾಗಿ ಮಹೋತ್ಸವವು ನಡೆದುದು ಅಪೂರ್ವವೇ ಸರಿ. ಆದರೆ ಆ ಚಿತ್ರದಲ್ಲಿ ತೊಡಕೊಂದಿತ್ತು. ಜೋಡಿಗೆರೆಗಳನ್ನು ಎರಡು ರೀತಿಯಲ್ಲಿ ಇಡಬಹುದು. ಅವು ಒಂದೇ ಕಡೆ ಸ್ಥಿರವಾಗಿದ್ದರೆ, ಅಕ್ಕಪಕ್ಕದ ಎರಡು ಮೂಲೆಗಳಲ್ಲಿ ಬೇರೆ ಪರಮಾಣುಗಳನ್ನು ಸೇರಿಸಿದಾಗ ಎರಡು ಬಗೆಯ ವಸ್ತುಗಳು ದೊರೆಯಬೇಕು. ದೊರೆತುದು ಒಂದೇ ಬಗೆ. ೧೮೭೨ರಲ್ಲಿ ಕೆಕ್ಯೂಲೆಯು, ಗೆರೆಗಳು ಎಡೆಬಿಡದೆ ಸ್ಥಾನವನ್ನು ಬದಲಾಯಿಸುತ್ತಿರುತ್ತವೆಯೆಂದು ಸಮಾಧಾನ ಹೇಳಿದನು.

೧೯೨೯ರಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಂಬ ವಿದುಷಿಯು ಬೆಂಜೀನಿನ ಉಂಗುರವುಳ್ಳ ಹರಳೊಂದನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿ, ಉಂಗುರವು ಚಪ್ಪಟೆಯಾದ ಸಮಷಟ್ಕೋನವೆಂದು ಸ್ಥಾಪಿಸಿದಳು. ಇಂಗಾಲಗಳ ನಡುವಣ ಒಂಟಿಗೆರೆಯ ಉದ್ದ ೧.೫೪ ಆಂಗ್‌ಸ್ಟ್ರಂ, ಜೋಡಿಗೆರೆಯದು ೧.೩೪. ಬೆಂಜೀನಿನಲ್ಲಿಯಾದರೋ ಆರು ಬದಿಗಳೂ ಸಮವಾಗಿ ಸುಮಾರು ೧.೩೯. ಕಾವಿನ ಲೆಕ್ಕವೂ ಅದನ್ನೇ ಹೇಳಿತು. ಒಂದು ಜೋಡಿಗೆರೆಯುಳ್ಳ ಅಂತಹದೇ ಉಂಗುರಕ್ಕೆ ಜಲಜನಕವನ್ನು ಸೇರಿಸಿದಾಗ ಮೋಲ್ ಎಂಬ ಪ್ರಮಾಣಕ್ಕೆ ೨೮.೬ ಕಿಲೋಕ್ಯಾಲೊರಿ ಕಾವು ಹೊರಡುತ್ತದೆ. ಮೂರು ಜೋಡಿಗೆರೆಗಳಿದ್ದರೆ ಸುಮಾರು ೮೬ ಹೊರಡಬೇಕು. ಬೆಂಜೀನಿನಿಂದ ಹೊರಟದ್ದು ಸುಮಾರು ೫೦ ಮಾತ್ರ. ಚಿತ್ರವು ಹೇಳುವುದಕ್ಕಿಂತ ಆ ಅಣುವು ೩೬ ಕಿಲೋಕ್ಯಾಲೊರಿಯಷ್ಟು ಹೆಚ್ಚು ನೆಮ್ಮದಿಯಲ್ಲಿದೆ.

೧೯೩೦ರ ದಶಕದಲ್ಲಿ ಅಮೇರಿಕದ ಲೈನಸ್ ಪೌಲಿಂಗನು ಇದನ್ನು ‘ರೆಸೊನೆನ್ಸ್’ ಎಂಬ ಸಿದ್ಧಾಂತದಿಂದ ವಿವರಿಸಿದನು. ಎರಡು ಚಿತ್ರಗಳನ್ನೂ ಬರೆದು ನಡುವೆ ಎರಡು ಮೊನೆಯ ಬಾಣವನ್ನಿಡುವುದು ಆ ಪದ್ಧತಿ. ಇಲ್ಲಿ ವಿದ್ಯಾರ್ಥಿಗಳು ಬಹಳ ಎಚ್ಚರದಿಂದಿರಬೇಕು. ಅಣುವು ಒಂದು ಗಳಿಗೆ ಮೊದಲನೆಯ ಚಿತ್ರದಂತೆ, ಮರುಗಳಿಗೆ ಎರಡನೆಯದರಂತೆ ಇರುತ್ತದೆಂದು ಇದರ ಅರ್ಥವಲ್ಲ. ಹೇಸರಗತ್ತೆಯು ಕುದುರೆ ಕತ್ತೆಗಳಿಗೆ ಹುಟ್ಟಿದುದು. ಅದು ಬೆಳಿಗ್ಗೆ ಕುದುರೆಯಾಗಿ ಸಂಜೆ ಕತ್ತೆಯಾಗುವುದಿಲ್ಲ, ಸದಾಕಾಲವೂ ಹೇಸರಗತ್ತೆಯೇ. ಹಾಗೆಯೇ ಬೆಂಜೀನು ಸದಾಕಾಲವೂ ಒಂದೇ ವಸ್ತು. ನಮ್ಮ ಲಿಪಿಯಲ್ಲಿ ಅದಕ್ಕೆ ತಕ್ಕ ಒಂದು ಅಕ್ಷರವಿಲ್ಲದುದರಿಂದ ಎರಡು ಅಕ್ಷರಗಳನ್ನು ಕೂಡಿಸಿ ಹೇಳುತ್ತೇವೆ. ಷಟ್ಕೋನದೊಳಗೆ ಒಂದು ವೃತ್ತವನ್ನು ಬರೆದು ಆರು ಎಲೆಕ್ಟ್ರಾನುಗಳು ಎಲ್ಲರಿಗೂ ಸೇರಿದವೆಂದು ತೋರಿಸುವ ಕ್ರಮವನ್ನು ಆರ್ಮಿಟ್ ಮತ್ತು ರಾಬಿನ್‌ಸನ್ ಎಂಬವರು ೧೯೨೫ರಲ್ಲಿಯೇ ಆರಂಭಿಸಿದ್ದರು. ಅದು ಇಂದಿಗೂ ಬಳಕೆಯಲ್ಲಿದೆ.

ಸಂಕೇತವನ್ನು ವಸ್ತುವೆಂದು ತಿಳಿಯುವುದರಿಂದ ಎಂತಹ ಅನರ್ಥವಾಗಬಹುದೆಂಬುದಕ್ಕೆ ಇಲ್ಲಿಯೇ ನಿದರ್ಶನವಿದೆ. ೧೯೫೧ರಲ್ಲಿ ಮಾಸ್ಕೋ ನಗರದಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಆಶ್ರಯದಲ್ಲಿ ರಸಾಯನಜ್ಞರ ಸಮ್ಮೇಳನ ನಡೆಯಿತು. ಇರದ ಚಿತ್ರಗಳನ್ನು ಇರುವಂತೆ ಹೇಳುವ ಈ ಸಿದ್ಧಾಂತವು ತತ್ತ್ವವಿರುದ್ಧವೆಂದು ಅಲ್ಲಿ ಖಂಡಿಸಲಾಯಿತು. ಅದನ್ನು ಗ್ರಂಥಮುಖೇನ ಬೋಧಿಸಿದ್ದ ಸಿರ್ಕಿನ್, ದ್ಯಾತ್ಕಿನಾ ಎಂಬ ವಿದ್ವಾಂಸರು ನಿಂದೆಗೆ ಗುರಿಯಾದರು. ಆ ಚಿತ್ರಗಳು ಪ್ರತ್ಯೇಕವಾಗಿ ಇರುತ್ತವೆಂದು ಸಿದ್ಧಾಂತವು ಹೇಳಿರಲೇ ಇಲ್ಲ. ಬರೆದ ಗೆರೆಯ ಅರ್ಥವೇನೆಂದು ಕೇಳಿ ತಿಳಿಯದೆ, ಗೆರೆ ಬರೆದವರನ್ನು ಶಿಕ್ಷಿಸಿದಂತಾಯಿತು.

ಎರಡನೆಯ ಸೋಲು ನಾವು ಉಸಿರಾಡುವ ಆಮ್ಲಜನಕದ್ದೇ. ಲೂಯಿಸನ ಲೆಕ್ಕದಂತೆ ಅದರ ಎರಡು ಪರಮಾಣುಗಳ ಹನ್ನೆರಡು ಚುಕ್ಕೆಗಳನ್ನು ಜೋಡಿಸಿದರೆ ನಡುವೆ ಎರಡು ಜೊತೆಗಳೂ ಇಬ್ಬದಿಗಳಲ್ಲಿ ಎರಡೆರಡು ಜೊತೆಗಳೂ ಬರುತ್ತವೆ. ಲೆಕ್ಕ ತುಂಬಿತು, ಒಂಟಿಯಾದ ಚುಕ್ಕೆ ಒಂದೂ ಉಳಿಯಲಿಲ್ಲ. ಎಲ್ಲ ಎಲೆಕ್ಟ್ರಾನುಗಳೂ ಜೊತೆಗೂಡಿದ್ದ ವಸ್ತುವನ್ನು ಅಯಸ್ಕಾಂತವು ಸೆಳೆಯುವುದಿಲ್ಲ. ಆದರೆ ೧೮೯೧ರಲ್ಲಿಯೇ ಲಂಡನ್ನಿನಲ್ಲಿ ಜೇಮ್ಸ್ ಡ್ಯೂಆರನು ದ್ರವರೂಪಕ್ಕೆ ತಂದ ಆಮ್ಲಜನಕವನ್ನು ಪ್ರಬಲವಾದ ವಿದ್ಯುದಯಸ್ಕಾಂತದ ಬಳಿಯಲ್ಲಿಟ್ಟಾಗ, ಆ ತಿಳಿನೀಲಿಯ ದ್ರವವು ನೆಗೆದು ಅಯಸ್ಕಾಂತದ ಧ್ರುವಗಳಿಗೆ ಅಂಟಿಕೊಂಡಿತ್ತು. ಲೂಯಿಸನಿಗೂ ಈ ಸಂಗತಿ ತಿಳಿಯದುದೇನಲ್ಲ. ಅದನ್ನು ಕುರಿತು ಆತನೇ ೧೯೨೪ರಲ್ಲಿ ಬರೆದಿದ್ದಾನೆ. ಚುಕ್ಕೆಗಳ ಚಿತ್ರದಲ್ಲಿ ಮಾತ್ರ ಅದಕ್ಕೆ ಸ್ಥಳವಿರಲಿಲ್ಲ.

ಉತ್ತರವು ಬೇರೊಂದು ಚಿತ್ರದಿಂದ ಬಂದಿತು. ಎಲೆಕ್ಟ್ರಾನುಗಳು ಎರಡು ಪರಮಾಣುಗಳ ನಡುವೆ ಮಾತ್ರ ನಿಂತಿರುವುವೆಂದು ಹೇಳದೆ, ಅವು ಇಡೀ ಅಣುವಿಗೆ ಸೇರಿದ ನೆಲೆಗಳಲ್ಲಿ ವ್ಯಾಪಿಸಿರುವುವೆಂದು ಹುಂಡ್, ಮುಲ್ಲಿಕನ್ ಮೊದಲಾದವರು ಪ್ರತಿಪಾದಿಸಿದರು. ನೆಲೆಗಳನ್ನು ಶಕ್ತಿಯ ಅನುಕ್ರಮದಲ್ಲಿ ಮೆಟ್ಟಿಲುಗಳಂತೆ ಬರೆಯಬೇಕು. ಒಂದೊಂದು ನೆಲೆಯಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ೧೯೨೯ರಲ್ಲಿ ಲೆನರ್ಡ್-ಜೋನ್ಸನು ಆಮ್ಲಜನಕದ ಎಲೆಕ್ಟ್ರಾನುಗಳನ್ನು ಹೀಗೆ ತುಂಬುತ್ತ ಬಂದಾಗ ಕಡೆಯ ಎರಡು ಉಳಿದವು. ಅವುಗಳ ಮುಂದೆ ಸಮಾನವಾದ ಎರಡು ನೆಲೆಗಳು ಬರಿದಾಗಿದ್ದವು. ಛತ್ರದಲ್ಲಿ ಒಂದೇ ತೆರನಾದ ಎರಡು ಕೋಣೆಗಳು ಬರಿದಾಗಿರುವಾಗ ಅಪರಿಚಿತರಾದ ಇಬ್ಬರು ಯಾತ್ರಿಕರು ಒಂದೇ ಕೋಣೆಯನ್ನು ಹಿಡಿಯದೆ ಒಬ್ಬೊಬ್ಬರು ಒಂದೊಂದನ್ನು ಹಿಡಿಯುತ್ತಾರೆ. ಆ ಎಲೆಕ್ಟ್ರಾನುಗಳೂ ಹಾಗೆಯೇ ಒಂಟಿಯಾಗಿ ನಿಂತವು. ಅವೇ ಆಮ್ಲಜನಕವು ಅಯಸ್ಕಾಂತಕ್ಕೆ ಓಗೊಡುವುದಕ್ಕೆ ಕಾರಣ. ಬಂಧವನ್ನು ಬಿಗಿಯುವ ನೆಲೆಗಳಲ್ಲಿ ಎಂಟು, ಸಡಿಲಿಸುವ ನೆಲೆಗಳಲ್ಲಿ ನಾಲ್ಕು. ಕಳೆದು ಉಳಿದುದು ನಾಲ್ಕು, ಎಂದರೆ ಎರಡು ಜೊತೆ. ಹಳೆಯ ಚಿತ್ರದ ಎರಡು ಗೆರೆಗಳು ಸುಳ್ಳಾಗಲಿಲ್ಲ. ಅದು ಹೇಳಲಾರದುದನ್ನು ಹೊಸ ಚಿತ್ರವು ಹೇಳಿತು.

ಇದು ಪಂಡಿತರ ಚರ್ಚೆ ಮಾತ್ರವೆಂದು ಯಾರೂ ಭಾವಿಸಬಾರದು. ೧೯೩೬ರಲ್ಲಿ ಪೌಲಿಂಗ್ ಮತ್ತು ಕೊರಿಯೆಲ್ ಎಂಬವರು ರಕ್ತವನ್ನು ಅಯಸ್ಕಾಂತದ ಬಳಿಯಲ್ಲಿ ಪರೀಕ್ಷಿಸಿದರು. ಆಮ್ಲಜನಕವನ್ನು ಬಿಟ್ಟುಕೊಟ್ಟ ಹೀಮೋಗ್ಲೋಬಿನಿನಲ್ಲಿ ಒಂಟಿ ಎಲೆಕ್ಟ್ರಾನುಗಳಿವೆ. ಅದನ್ನು ಅಯಸ್ಕಾಂತವು ಸೆಳೆಯುತ್ತದೆ. ಆಮ್ಲಜನಕವು ಬಂದು ಕೂಡಿದೊಡನೆ ಆ ಸೆಳೆತವು ಇಲ್ಲವಾಗುತ್ತದೆ. ಈ ಭೇದವನ್ನೇ ಆಧಾರವಾಗಿಟ್ಟುಕೊಂಡು ೧೯೯೦ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಜಪಾನೀಯ ವಿಜ್ಞಾನಿ ಸೇಜಿ ಓಗಾವಾ ಎಂಬವರು, 'ಎಂ. ಆರ್. ಐ.' ಯಂತ್ರದಿಂದ ಮಿದುಳಿನ ರಕ್ತದಲ್ಲಿಯ ಆಮ್ಲಜನಕದ ಏರಿಳಿತವನ್ನು ಕಾಣಬಹುದೆಂದು ತೋರಿಸಿದರು. ಮಿದುಳಿನಲ್ಲಿ ಗಂತಿಯಿರುವ ರೋಗಿಗೆ ಶಸ್ತ್ರಚಿಕಿತ್ಸೆ ಮಾಡುವ ಮೊದಲು, ಮಾತಿಗೂ ಕೈಕಾಲುಗಳ ಚಲನೆಗೂ ಕಾರಣವಾದ ಭಾಗಗಳು ಎಲ್ಲಿವೆಯೆಂದು ವೈದ್ಯರು ಈ ಕ್ರಮದಿಂದ ಗುರುತಿಸಿಕೊಳ್ಳುತ್ತಾರೆ. ಚುಕ್ಕೆಗಳು ಜೊತೆಯಾಗಿವೆಯೋ ಒಂಟಿಯಾಗಿವೆಯೋ ಎಂಬ ಪ್ರಶ್ನೆಯು ಒಬ್ಬ ರೋಗಿಯ ಮಾತು ಉಳಿಯುವುದೋ ಹೋಗುವುದೋ ಎಂಬವರೆಗೆ ಬಂದು ಮುಟ್ಟಿದೆ.

ಇಂದು ಗಣಕಯಂತ್ರಗಳು ಅಣುವಿನಲ್ಲಿ ಎಲೆಕ್ಟ್ರಾನುಗಳು ಎಲ್ಲಿ ದಟ್ಟವಾಗಿವೆ, ಎಲ್ಲಿ ವಿರಳವಾಗಿವೆಯೆಂದು ಲೆಕ್ಕಹಾಕಿ ಮೋಡದಂತಹ ಚಿತ್ರಗಳನ್ನು ಬರೆದುಕೊಡುತ್ತವೆ. ೨೦೦೯ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ಬಳಿಯ ಐ. ಬಿ. ಎಂ. ಪ್ರಯೋಗಶಾಲೆಯವರು, ತುದಿಯಲ್ಲಿ ಇಂಗಾಲದ ಮಾನಾಕ್ಸೈಡಿನ ಒಂದೇ ಅಣುವನ್ನು ಹೊತ್ತ ಸೂಜಿಯಿಂದ ಪೆಂಟಸೀನ್ ಎಂಬ ಅಣುವನ್ನು ತಡವಿ ಅದರ ಆಕೃತಿಯನ್ನು ಪಡೆದರು. ಐದು ಷಟ್ಕೋನಗಳು ಒಂದೇ ಸಾಲಿನಲ್ಲಿ, ಪುಸ್ತಕದಲ್ಲಿ ಬರೆದಂತೆಯೇ ಕಂಡವು. ಅಲ್ಲಿ ಕಂಡುದು ಎಲೆಕ್ಟ್ರಾನುಗಳು ಸೂಜಿಯ ತುದಿಯನ್ನು ಹಿಂದಕ್ಕೆ ತಳ್ಳಿದ ಗುರುತೇ ಹೊರತು ಕಡ್ಡಿಗಳಲ್ಲ. ಆದರೂ ನೂರೈವತ್ತು ವರ್ಷಗಳ ಹಿಂದೆ ತೂಕ ಕಾವುಗಳನ್ನು ಮಾತ್ರ ಬಲ್ಲವರು ಎಳೆದ ಗೆರೆಗಳು ದಾರಿತಪ್ಪಿದವಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಗಣಕಯಂತ್ರವು ಪಕ್ಕದಲ್ಲಿದ್ದರೂ ಇಂದಿನ ರಸಾಯನಜ್ಞನು ತನ್ನ ವಿಚಾರವನ್ನು ಇನ್ನೊಬ್ಬನಿಗೆ ತಿಳಿಸಬೇಕಾದಾಗ ಸೀಮೆಸುಣ್ಣವನ್ನು ಹಿಡಿದು ಕೂಪರನ ಗೆರೆಯನ್ನೇ ಎಳೆಯುತ್ತಾನೆ, ಲೂಯಿಸನ ಚುಕ್ಕೆಯನ್ನೇ ಇಡುತ್ತಾನೆ. ಗೆರೆ ಸಾಕಾದಲ್ಲಿ ಗೆರೆ. ಚುಕ್ಕೆ ಬೇಕಾದಲ್ಲಿ ಚುಕ್ಕೆ. ಅವೆರಡೂ ಮೂಕವಾದಲ್ಲಿ ನೆಲೆಗಳ ಮೆಟ್ಟಿಲು. ಯಾವ ಚಿತ್ರವು ಎಲ್ಲಿಯವರೆಗೆ ನಿಜ ಹೇಳುತ್ತದೆಂದು ಅರಿತು ಬಳಸುವುದೇ ಆ ವಿದ್ಯೆಯ ಸಾರ.

ವಿದ್ಯಾರ್ಥಿಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಒಂದು ಗೆರೆಯನ್ನು ಎಳೆಯುವಾಗ, ಇದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಯಾವ ಪ್ರಯೋಗದಿಂದ ಇದು ಸುಳ್ಳೆಂದು ತಿಳಿದೀತೆಂಬುದನ್ನೂ ಕೇಳಿಕೊಳ್ಳಿರಿ. ಉಪಾಧ್ಯಾಯರು ಆಮ್ಲಜನಕದ ಚುಕ್ಕೆಗಳನ್ನು ಹಲಗೆಯ ಮೇಲೆ ಬರೆದ ದಿನವೇ, ಅದು ಅಯಸ್ಕಾಂತಕ್ಕೆ ಅಂಟುತ್ತದೆಂಬುದನ್ನೂ ಹೇಳಬೇಕು. ಅದರಿಂದ ಮಕ್ಕಳ ಶ್ರದ್ಧೆ ಕುಂದೀತೆಂಬ ಭಯ ಬೇಡ. ತನ್ನ ಮಿತಿಯನ್ನು ತಾನೇ ಹೇಳಬಲ್ಲ ವಿದ್ಯೆಯಲ್ಲಿಯೇ ಶ್ರದ್ಧೆಯು ಬಹುಕಾಲ ನಿಲ್ಲುತ್ತದೆ. ಕಂಠಪಾಠದಿಂದ ಬಂದ ಚಿತ್ರವು ಪರೀಕ್ಷೆಯ ಮರುದಿನ ಅಳಿಸಿಹೋಗುತ್ತದೆ. ಅರ್ಥವನ್ನು ಅರಿತು ಎಳೆದ ಗೆರೆಯೊಂದು ಮುಂದಿನ ಶೋಧನೆಗೆ ಬೀಜವಾಗುತ್ತದೆ.